ಒಟಿಪಿ ಯಾರ ಮೊಬೈಲಿಗೆ ಬರ್ತಿದೆ? ವ್ಯಾಪಾರಿಗಳು ಗಮನಿಸಬೇಕಾದ ಎರಡನೇ ಬೀಗ

ಅಂಗಡಿಗೆ ಎರಡು ಬೀಗ ಹಾಕುವುದು ನಮ್ಮವರಿಗೆ ಹೊಸತಲ್ಲ. ಶಟರಿನ ಎರಡೂ ಬದಿಗೆ ಬೀಗ, ಒಳಗೆ ಗಲ್ಲಾಪೆಟ್ಟಿಗೆಗೆ ಬೇರೆಯೇ ಚಾವಿ. ಆದರೆ ಅದೇ ಅಂಗಡಿಯ ಜಿಎಸ್‌ಟಿ, ಇ-ವೇ ಬಿಲ್, ಇಮೇಲ್ ಎಲ್ಲಕ್ಕೂ ಒಂದೇ ಪಾಸ್‌ವರ್ಡ್. ಅದೂ ಅಂಗಡಿಯ ಹೆಸರು, ಮುಂದೆ 123! ಕೆಲಸ ಬಿಟ್ಟು ಹೋದ ಹುಡುಗನಿಗೂ ಅದು ಬಾಯಿಪಾಠ.

ಪಾಸ್‌ವರ್ಡ್ ಜೊತೆ ಇನ್ನೊಂದು ಪುರಾವೆಯನ್ನೂ ಕೇಳುವುದಕ್ಕೆ ಮಲ್ಟಿ-ಫ್ಯಾಕ್ಟರ್ ಅಥೆಂಟಿಕೇಶನ್ ಅನ್ನುತ್ತಾರೆ. ಹೆಸರು ಉದ್ದ ಇದೆ, ವಿಷಯ ಸಣ್ಣದು. ಎಟಿಎಂನಲ್ಲಿ ಕಾರ್ಡೂ ಬೇಕು, ಪಿನ್ನೂ ಬೇಕು, ಒಂದೇ ಇದ್ದರೆ ಹಣ ಬರಲ್ಲ. ಆನ್‌ಲೈನ್ ಕಾರ್ಡ್ ಪಾವತಿಗೂ ಇಂಥ ಎರಡನೇ ಪುರಾವೆಯನ್ನು ರಿಸರ್ವ್ ಬ್ಯಾಂಕ್ 2009ರ ಆಗಸ್ಟ್‌ನಿಂದಲೇ ಕಡ್ಡಾಯ ಮಾಡಿದೆ.

ವ್ಯಾಪಾರಿಗಳ ಮಟ್ಟಿಗೆ ದೊಡ್ಡ ಬದಲಾವಣೆ ಬಂದದ್ದು ಇ-ವೇ ಬಿಲ್‌ನಲ್ಲಿ. 2023ರಲ್ಲಿ 100 ಕೋಟಿ ರೂ.ಗಿಂತ ಹೆಚ್ಚು ವಹಿವಾಟಿನವರಿಗೆ ಕಡ್ಡಾಯವಾದ ನಿಯಮ, 2025ರ ಜನವರಿಯಲ್ಲಿ 20 ಕೋಟಿಗೆ, ಫೆಬ್ರವರಿಯಲ್ಲಿ 5 ಕೋಟಿಗೆ ಇಳಿಯಿತು. 2025ರ ಏಪ್ರಿಲ್ 1ರಿಂದ ಎಲ್ಲರಿಗೂ ಬಂತು. ಈಗ ಪಾಸ್‌ವರ್ಡ್ ಹಾಕಿದ ಮೇಲೆ ಒಟಿಪಿಯನ್ನೂ ಕೊಡಬೇಕು.

ಇದು ಯಾಕೆ ಬೇಕಿತ್ತು? ನಿಮ್ಮ ಲಾಗಿನ್ ಇನ್ನೊಬ್ಬನ ಕೈಗೆ ಸಿಕ್ಕಿದರೆ, ನೀವು ಕಣ್ಣಲ್ಲೂ ನೋಡದ ಸರಕಿಗೆ ನಿಮ್ಮ ಜಿಎಸ್‌ಟಿ ನಂಬರಿನಲ್ಲಿ ಬಿಲ್ ಹುಟ್ಟುತ್ತದೆ. ಇ-ವೇ ಬಿಲ್ ರದ್ದು ಮಾಡಲು ಇರುವುದು 24 ಗಂಟೆ. ಆಮೇಲೆ ನೋಟಿಸ್ ಬರುವುದು ನಿಮಗೆ, ಉತ್ತರ ಕೊಡಬೇಕಾದವರೂ ನೀವೇ.

ನಾನು ಏರ್ಕಾಡ್‌ನಲ್ಲಿ ಒಳ್ಳೆಮೆಣಸು ಖರೀದಿಸಿ ಊರಿಗೆ ಕಳಿಸುವವನು. ಸೇಲಂನಿಂದ 20 ಹೇರ್‌ಪಿನ್ ತಿರುವು ಹತ್ತಿದರೆ ಸಿಗುವ ಈ ಬೆಟ್ಟದಲ್ಲಿ ಎಸ್ಟೇಟ್ ಒಳಗೆ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬೇರೆ ರಾಜ್ಯಕ್ಕೆ ಹೋಗುವ ಮಾಲು 50,000 ರೂ. ದಾಟಿದರೆ ಇ-ವೇ ಬಿಲ್ ಬೇಕು. ಮೆಣಸಿನಲ್ಲಿ ಅಷ್ಟಾಗಲು ಕೆಲವೇ ಮೂಟೆ ಸಾಕು. ಮಂಗಳೂರು ಬಂದರಿಗೆ ಹೊರಟ ಲಾರಿ ಒಟಿಪಿ ಎಸ್ಸೆಮ್ಮೆಸ್‌ಗಾಗಿ ಕಾಯುತ್ತಾ ನಿಂತರೆ ಡ್ರೈವರಿಗೂ ಸಿಟ್ಟು, ನಮಗೂ ಸಿಟ್ಟು. "ಈ ಒಟಿಪಿಯೇ ಬೇಡ ಮಾರಾಯ" ಅನ್ನುವವರು ಅದಕ್ಕೇ ಜಾಸ್ತಿ.

ಇದಕ್ಕೆ ಪರಿಹಾರ ಸರಕಾರವೇ ಕೊಟ್ಟಿದೆ, ಬಳಸುವವರು ಕಡಿಮೆ. ಎನ್‌ಐಸಿ-ಜಿಎಸ್‌ಟಿ-ಶೀಲ್ಡ್ ಎಂಬ ಆ್ಯಪ್ ಇದೆ. ಒಮ್ಮೆ ನೋಂದಾಯಿಸಿಕೊಂಡರೆ 30 ಸೆಕೆಂಡಿಗೊಂದು ಕೋಡ್ ಅದರೊಳಗೇ ಹುಟ್ಟುತ್ತದೆ. ಇಂಟರ್ನೆಟ್ ಬೇಡ, ಸಿಗ್ನಲ್ ಬೇಡ, ಮೊಬೈಲಿನ ಗಡಿಯಾರ ಸರಿ ಇದ್ದರೆ ಸಾಕು. ಇಮೇಲ್‌ಗೆ ಗೂಗಲ್ ಅಥೆಂಟಿಕೇಟರ್ ಕೂಡ ಹೀಗೆಯೇ ಕೆಲಸ ಮಾಡುತ್ತದೆ.

ನನಗೆ ದೊಡ್ಡದಾಗಿ ಕಾಣುವ ಸಮಸ್ಯೆ ಬೇರೆ. ನಮ್ಮಲ್ಲಿ ಹೆಚ್ಚಿನದು ಮನೆಮಂದಿಯ ವ್ಯಾಪಾರ. ಜಿಎಸ್‌ಟಿಯಲ್ಲಿ ಇರುವ ನಂಬರ್ ಗಲ್ಫಿನಲ್ಲಿರುವ ಅಣ್ಣನದ್ದೋ, ಲೆಕ್ಕ ಬರೆಯುವವರದ್ದೋ ಆಗಿರುತ್ತದೆ. ಅಂಗಡಿಯವರು ಫೋನ್ ಮಾಡುತ್ತಾರೆ, ಅವರು ಒಟಿಪಿಯನ್ನು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುತ್ತಾರೆ. ಎರಡನೇ ಬೀಗದ ಚಾವಿಯನ್ನೂ ಬಾಗಿಲಲ್ಲೇ ನೇತು ಹಾಕಿದ ಹಾಗೆ! ಪೋರ್ಟಲಿನಲ್ಲಿ ಸಬ್-ಯೂಸರ್ ಮಾಡಲು ಅವಕಾಶವಿದೆ. ಬಿಲ್ ಮಾಡುವ ಹುಡುಗನಿಗೆ ಅವನದೇ ನಂಬರ್, ಅವನದೇ ಒಟಿಪಿ. ಯಾವ ಬಿಲ್ ಯಾರ ಲಾಗಿನ್‌ನಲ್ಲಿ ಆಯಿತು ಎಂಬುದಕ್ಕೂ ಲೆಕ್ಕ ಇರುತ್ತದೆ. ಕೆಲಸ ಬಿಟ್ಟ ದಿನವೇ ಆ ಲಾಗಿನ್ ಮುಚ್ಚಿಬಿಡಿ. 2021ರ ಮೇನಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಎಂಬ ದೊಡ್ಡ ಇಂಧನ ಕಂಪೆನಿ ದಿನಗಟ್ಟಲೆ ಸ್ಥಗಿತವಾದದ್ದು ಯಾರೂ ಬಳಸದೆ ಬಿಟ್ಟಿದ್ದ, ಪಾಸ್‌ವರ್ಡ್ ಮಾತ್ರ ಇದ್ದ ಒಂದು ಹಳೇ ಲಾಗಿನ್‌ನಿಂದ.

ವಾಟ್ಸ್ಆ್ಯಪ್ ಅಂತೂ ಈಗ ಅರ್ಧ ಅಂಗಡಿ. "ತಪ್ಪಿ ನಿಮಗೆ 6 ಅಂಕಿಯ ಕೋಡ್ ಬಂದಿದೆ, ಕಳಿಸಿ ಕಾಕ" ಅಂತ ಮೆಸೇಜ್ ಬರುತ್ತದೆ. ಕಳಿಸಿದರೆ ನಿಮ್ಮ ವಾಟ್ಸ್ಆ್ಯಪ್ ಅವನದ್ದು. ಮತ್ತೆ ನಿಮ್ಮ ಗಿರಾಕಿಗಳಿಗೆ ನಿಮ್ಮದೇ ಹೆಸರಿನಲ್ಲಿ "ದುಡ್ಡು ಈ ಹೊಸ ಅಕೌಂಟಿಗೆ ಹಾಕಿ" ಅಂತ ಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ ಒಳಗೆ ಟು-ಸ್ಟೆಪ್ ವೆರಿಫಿಕೇಶನ್ ಇದೆ. ಅಲ್ಲಿ ಒಂದು ಪಿನ್ ಇಟ್ಟರೆ ಆ ಕೋಡ್ ಒಂದರಿಂದಲೇ ಒಳಗೆ ಬರಲಾಗುವುದಿಲ್ಲ. ಎರಡು ನಿಮಿಷದ ಕೆಲಸ.

ಇಷ್ಟೆಲ್ಲ ಮಾಡಿದರೂ ನಕಲಿ ವೆಬ್‌ಸೈಟಿನಲ್ಲಿ ನಾವೇ ಕೋಡ್ ಹಾಕಿದರೆ ಯಾವ ಬೀಗವೂ ನಿಲ್ಲದು. ಮೊಬೈಲ್ ಕಳೆದುಹೋದರೆ ಬೇಕಾಗುವ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಅಂಗಡಿಯ ದಾಖಲೆ ಜೊತೆ ಇಡಿ. ಸಿಗ್ನಲ್ ಇರುವ ಜಾಗದಲ್ಲೂ ನಿಮ್ಮ ಸಿಮ್ ಇದ್ದಕ್ಕಿದ್ದಂತೆ ಸತ್ತರೆ, ಬೇರೆ ಯಾರೋ ಅದೇ ನಂಬರಿಗೆ ಹೊಸ ಸಿಮ್ ತೆಗೆದಿರಬಹುದು. ಕೂಡಲೇ ಇನ್ನೊಂದು ಫೋನಿನಿಂದ ಮೊಬೈಲ್ ಕಂಪೆನಿಗೂ ಬ್ಯಾಂಕಿಗೂ ತಿಳಿಸಿ. ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ, ಬೆಳಗಾಗಲಿ ಅಂತ ಕಾಯಬೇಡಿ.