ಸರಕುಗಾಡಿಯ ಬ್ಯಾಟರಿ

ಕೊಡೇಕಲ್ ಸೀಮೆಯಲ್ಲಿ ಹತ್ತಿ, ಭತ್ತಗಳನ್ನು ಪೇಟೆಗೆ ಒಯ್ಯುವ ಪಿಕಪ್ ಗಾಡಿಯು ಬೆಳಗಿನ ಜಾವದಲ್ಲಿ ಚಾಲೂ ಆಗದಿದ್ದರೆ ಒಕ್ಕಲಿಗನು ಕೂಡಲೇ ಹೊಸ ಬ್ಯಾಟರಿಯನ್ನು ಕೊಳ್ಳಲು ಹೊರಡುವುದುಂಟು. ಇದು ದುಡುಕು. ಮೊದಲು ಟರ್ಮಿನಲ್ಲುಗಳನ್ನು ನೋಡತಕ್ಕದ್ದು. ಕಿಲುಬು ಕಟ್ಟಿದ್ದರೆ, ಋಣ ತಂತಿಯನ್ನು ಮುಂಚೆ ಬಿಚ್ಚಿ, ಅಡಿಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಒರಸಿ ಬಿಗಿಯಬೇಕು. ಬಳಿಕ ಮೀಟರು ಹಿಡಿಯಿರಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6 ವೋಲ್ಟು ತೋರಿದರೆ ಬ್ಯಾಟರಿಯು ತುಂಬಿದೆ, 12.2ಕ್ಕೆ ಇಳಿದಿದ್ದರೆ ಅರ್ಧ ಬರಿದಾಗಿದೆ. ಎಂಜಿನು ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಇರಬೇಕು. ಅಷ್ಟು ಏರದಿದ್ದರೆ ಬೆಲ್ಟು ಸಡಿಲವೋ, ಆಲ್ಟರ್ನೇಟರು ಕೆಟ್ಟಿದೆಯೋ ಪರೀಕ್ಷಿಸಿರಿ; ಇಲ್ಲವಾದರೆ ಹೊಸ ಬ್ಯಾಟರಿಗೂ ಅದೇ ಗತಿ. ನಮ್ಮ ಬಿಸಿಲಿಗೆ ಒಳಗಿನ ನೀರು ಬೇಗ ಆರುವುದು. ಡಿಸ್ಟಿಲ್ಡ್ ನೀರನ್ನೇ ಹಾಕಬೇಕು, ಬಾವಿಯ ನೀರು ಕೂಡದು. ಕೊಳ್ಳುವುದೇ ಆದರೆ, ಗಾಡಿಯ ಕೈಪಿಡಿಯಲ್ಲಿ ಹೇಳಿದ ಆಂಪಿಯರ್-ಅವರಿಗೆ ಕಡಿಮೆಯಾಗದಂತೆ, ತಯಾರಾದ ತಿಂಗಳನ್ನು ನೋಡಿ ಕೊಳ್ಳತಕ್ಕದ್ದು. ಹಳೆಯದನ್ನು ಅಂಗಡಿಗೇ ಕೊಟ್ಟು ಬೆಲೆಯಲ್ಲಿ ಕಳೆಯಿಸಿಕೊಳ್ಳಬಹುದು.