ವೇದಾವತಿಯ ಜಾಡು ಹಿಡಿದು

ಗೆಳೆಯರೇ, ಪ್ರವಾಸ ಅಂದ ಕೂಡಲೇ ನಾವು ಜೋಗ, ಹಂಪಿ, ಮೈಸೂರು ಅಂತೀವಿ. ನಮ್ಮ ಜಿಲ್ಲೆಯಲ್ಲೇ ಹರಿಯುವ ವೇದಾವತಿಯ ಜಾಡು ಹಿಡಿದು ಹೋದವರು ಎಷ್ಟು ಜನ? ಬನ್ನಿ, ಹೋಗಿ ಬರೋಣ.

ನಮ್ಮ ಹೊಳೆ ಹುಟ್ಟುವುದು ನಮ್ಮ ಜಿಲ್ಲೆಯಲ್ಲಿ ಅಲ್ಲ. ಚಿಕ್ಕಮಗಳೂರಿನ ಬಾಬಾಬುಡನ್ ಗಿರಿಯಲ್ಲಿ ವೇದಾ, ಅವತಿ ಎಂಬ ಎರಡು ಹಳ್ಳಗಳು ಹುಟ್ಟುತ್ತವೆ. ವೇದಾ ಹಳ್ಳಕ್ಕೆ ಅಯ್ಯನಕೆರೆ, ಅವತಿಗೆ ಮದಗದ ಕೆರೆ. ಎರಡೂ ಕಡೂರಿನ ಕಡೆ ಸೇರಿ ವೇದಾವತಿ ಆಗುತ್ತವೆ. ಅಲ್ಲಿಂದ ಹೊಳೆ ಹೊಸದುರ್ಗ ತಾಲ್ಲೂಕಿಗೆ ಬರುತ್ತದೆ.

ಮುಂದೆ ಹಿರಿಯೂರು ತಾಲ್ಲೂಕಿನಲ್ಲಿ ಎರಡು ಗುಡ್ಡಗಳ ನಡುವೆ ಇಕ್ಕಟ್ಟಾದ ಸಂದಿ ಇದೆ. ಅದೇ ಮಾರಿಕಣಿವೆ. ಸಂದಿ ಕಿರಿದು, ಹಿಂದಿನ ಬಯಲು ವಿಶಾಲ. ಸಣ್ಣ ಕಟ್ಟೆಗೆ ದೊಡ್ಡ ಕೆರೆ ನಿಲ್ಲುವ ಜಾಗ! ಮೈಸೂರು ಅರಸರ ಕಾಲದಲ್ಲಿ 1898ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿಯಿತು. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿಟ್ಟರು. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿದ್ದು ಆಮೇಲೆ, 1911ರಲ್ಲಿ. ಇಲ್ಲಿ 30 ಟಿ.ಎಂ.ಸಿ. ನೀರು ಹಿಡಿಯುತ್ತದೆ. ಅಂದರೆ 3,000 ಕೋಟಿ ಘನ ಅಡಿ!

ಆದರೆ ಕಟ್ಟೆ ದೊಡ್ಡದಾದರೆ ಸಾಕೇ? ನೀರು ಬರಬೇಕಲ್ಲ! ನಮ್ಮದು ಮಳೆ ಕಡಿಮೆಯ ಸೀಮೆ. ಹೊಳೆಯ ಮೇಲ್ಭಾಗದಲ್ಲೂ ಕೆರೆಗಳಿವೆ, ತೋಟಗಳಿವೆ. ಅವೆಲ್ಲ ಕುಡಿದು ಉಳಿದದ್ದೇ ನಮಗೆ. ಅದಕ್ಕೇ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ! 2025ರ ಜನವರಿಯಲ್ಲೂ ಕೋಡಿ ಬಿತ್ತು. ಈಗ ಭದ್ರಾ ನದಿಯ ನೀರನ್ನು ಮೇಲಕ್ಕೆತ್ತಿ, ಅಜ್ಜಂಪುರದ ಸುರಂಗ ದಾಟಿಸಿ ಇದೇ ಹೊಳೆಗೆ ಬಿಡುವುದರಿಂದ ಅನುಕೂಲವಾಗಿದೆ.

ಇಲ್ಲೊಂದು ವಿಚಾರ ಗಮನಿಸಬೇಕು. 130 ಅಡಿ ತುಂಬಿತು ಅಂದರೆ ಹಿರಿಯೂರಿನ ರೈತರಿಗೆ ಹಬ್ಬ. ನಾಲೆಗೆ ನೀರು, ಚಿತ್ರದುರ್ಗ, ಹಿರಿಯೂರು ಪೇಟೆಗಳ ನಲ್ಲಿಗೂ ನೀರು. ಅದೇ ಹೊತ್ತಿಗೆ ಕೆರೆಯ ಹಿನ್ನೀರಿನಲ್ಲಿರುವ ಹೊಸದುರ್ಗ ಕಡೆಯ ಹೊಲ, ತೋಟಗಳಿಗೆ ನೀರು ನುಗ್ಗುತ್ತದೆ. ಕಟ್ಟೆಯ ಮೇಲೆ ನಿಂತು ಬಾಗಿನ ನೋಡಿದವರಿಗೆ ಇದು ಕಾಣೋದಿಲ್ಲ. ಆ ಕಡೆಯ ಊರಿಗೂ ಹೋಗಬೇಕು.

ಕಣಿವೆ ದಾಟಿದ ಹೊಳೆ ಹಿರಿಯೂರಿನ ತೇರುಮಲ್ಲೇಶ್ವರನ ಊರನ್ನು ಮುಟ್ಟಿ, ಚಳ್ಳಕೆರೆ ಸೀಮೆಯಲ್ಲಿ ಹಗರಿ ಅನ್ನಿಸಿಕೊಂಡು, ಆಂಧ್ರಕ್ಕೂ ಹೊಕ್ಕು, ಬಳ್ಳಾರಿ ಕಡೆ ತುಂಗಭದ್ರೆಯನ್ನು ಸೇರುತ್ತದೆ. ಬೇಸಿಗೆಯಲ್ಲಿ ಹೋದರೆ ಬರೀ ಮರಳು. "ಇದೇನು ಹೊಳೆ?" ಅಂತ ನಗಬೇಡಿ. ಮರಳು ಸ್ಪಂಜಿನ ಹಾಗೆ ನೀರು ಹಿಡಿದಿಟ್ಟಿರುತ್ತದೆ. ತೋಡಿದರೆ ಒರತೆ ಸಿಗುತ್ತದೆ. ದಡದ ಬಾವಿಗಳಿಗೂ ಅದೇ ಆಸರೆ. ಮರಳನ್ನು ಲಾರಿಗೆ ತುಂಬಿಬಿಟ್ಟರೆ ಹೊಳೆಯ ಜೊತೆ ಬಾವಿಯೂ ಬತ್ತುತ್ತದೆ.

ನೀವು ಹೋಗುವುದಾದರೆ ದೊಡ್ಡವರ ಜೊತೆ ಹೋಗಿ. ನೀರಿಗೆ ಇಳಿಯಬೇಡಿ. ಒಂದು ನೋಟ್‌ಬುಕ್ ಇರಲಿ. ದಡದ ಅಜ್ಜ, ಅಜ್ಜಿಯರನ್ನು ಕೇಳಿ: ನಿಮ್ಮ ಕಾಲದಲ್ಲಿ ಹೊಳೆ ಎಷ್ಟು ತಿಂಗಳು ಹರೀತಿತ್ತು? ಎಷ್ಟು ಮೊಳ ತೋಡಿದರೆ ಒರತೆ ಬರ್ತಿತ್ತು? ಉತ್ತರ ಬರೆದು ತನ್ನಿ. ಮುಂದಿನ ಸಂಚಿಕೆಯಲ್ಲಿ ಇದೇ ಗೋಡೆಗೆ ಹಚ್ಚೋಣ.