ಬಾರದ ಹಡಗುಗಳು, ಏರದ ಹೊಳೆ

ರಾಮನಾಥಪುರದ ಸ್ನಾನಘಟ್ಟದ ಕೊನೆಯ ಮೆಟ್ಟಿಲಿನಲ್ಲಿ ಕುಳಿತು, ಕಡಲೆಪುರಿಗೆ ಮುಗಿಬೀಳುವ ದೇವರ ಮೀನುಗಳ ಬೆನ್ನಿನ ಮೇಲೆ ಹರಿಯುವ ನೀರಿನ ಬಣ್ಣವನ್ನು ನೋಡಿಯೇ ಕೊಡಗಿನಲ್ಲಿ ಮಳೆ ಹಿಡಿಯಿತೋ ಇಲ್ಲವೋ ಎಂಬುದನ್ನು ಹೇಳಬಲ್ಲ ವೃದ್ಧರು ನನ್ನ ಬಾಲ್ಯದಲ್ಲಿದ್ದರು. ತಿಳಿನೀರು ಹೋಗಿ ಕೆನ್ನೀರು ಕಾಣಿಸಿಕೊಂಡಿತೆಂದರೆ, “ಹೊಸನೀರು ಬಂತು, ಇನ್ನು ಪಟ್ಟಣದಲ್ಲಿ ಹೊಳೆ ದಾಟೋ ಹಾಗಿಲ್ಲ” ಎನ್ನುವರು. ಪಟ್ಟಣವೆಂದರೆ ಶ್ರೀರಂಗಪಟ್ಟಣ. ಎರಡು ಶತಮಾನಗಳ ಹಿಂದೆ ಆ ದ್ವೀಪದ ಹಣೆಬರಹವು ಇದೇ ಮಾತಿನ ಮೇಲೆ ನಿಂತಿದ್ದಿತೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಕುಡಿಗೆಯಲ್ಲಿ ಹಾರಂಗಿಯನ್ನು ಕೂಡಿಕೊಂಡು ಅರಕಲಗೂಡು ಸೀಮೆಗೆ ಇಳಿಯುವ ಕಾವೇರಿಯು ನಮ್ಮ ರಾಮೇಶ್ವರನ ಗುಡಿಯನ್ನು ಬಳಸಿ ಮುಂದೆ ಸಾಗಿ, ಹೊಳೆನರಸೀಪುರದ ಕಡೆಯಿಂದ ಬರುವ ಹೇಮಾವತಿಯನ್ನೂ ಲಕ್ಷ್ಮಣತೀರ್ಥವನ್ನೂ ಬೆರಸಿಕೊಂಡು, ಎರಡು ಕವಲಾಗಿ ಒಡೆದು ಶ್ರೀರಂಗಪಟ್ಟಣವನ್ನು ನಡುಗಡ್ಡೆಯಾಗಿಸುತ್ತದೆ. ಆ ಕೋಟೆಯ ಅತ್ಯಂತ ಅಗಲವಾದ ಕಂದಕವು ಮೃಗಶಿರೆ, ಆರಿದ್ರೆಗಳಲ್ಲಿ ತಾನಾಗಿ ತುಂಬಿಕೊಳ್ಳುತ್ತಿದ್ದಿತು. 1791ರ ಮೇ ತಿಂಗಳಲ್ಲಿ ಟಿಪ್ಪು ಸುಲ್ತಾನನ ಮೇಲೆ ದಂಡೆತ್ತಿ ಬಂದ ಇಂಗ್ಲಿಷರ ಲಾರ್ಡ್ ಕಾರ್ನ್‌ವಾಲಿಸನು ಅರಿಕೆರೆಯಲ್ಲಿ ಗೆದ್ದೂ ಕೋಟೆಯನ್ನು ಮುಟ್ಟಲಾರದೆ ಹೋದನು. ಮಳೆ ಬೇಗ ಹಿಡಿಯಿತು, ಹೊಳೆ ಏರಿತು, ಅಕ್ಕಿ ಮುಗಿಯಿತು, ಎತ್ತುಗಳು ಸತ್ತವು. ಎಳೆದೊಯ್ಯಲಾರದ ಭಾರಿ ಫಿರಂಗಿಗಳನ್ನು ಕಣ್ಣಂಬಾಡಿಯ ಬಳಿ ತಾನೇ ಒಡೆಸಿ ಹಿಂದಿರುಗಿದನು. ಮರುವರ್ಷ ಫೆಬ್ರವರಿಯ ಒಣಗಾಲದಲ್ಲಿ ಮರಳಿ ಬಂದು ಅರ್ಧ ರಾಜ್ಯವನ್ನು ಕಸಿದುಕೊಂಡನೆಂಬುದು ಶಾಲೆಯ ಪಾಠ.

ಪಾಠದಲ್ಲಿಲ್ಲದ ಒಬ್ಬ ಪುರುಷನ ಮೇಲೆ ನನಗೆ ವಿಚಿತ್ರವಾದ ಮೋಹವುಂಟು. ಅವನ ಹೆಸರು ರಿಪೋ. ಇಂದು ನಾವು ಮಾರಿಷಸ್ ಎನ್ನುವ, ಅಂದು ಫ್ರೆಂಚರು ‘ಫ್ರಾನ್ಸ್ ದ್ವೀಪ’ವೆನ್ನುತ್ತಿದ್ದ ನಾಡಿನಿಂದ ಹೊರಟು, ಕಡಲಿನಲ್ಲಿ ಶತ್ರುನೌಕೆಗಳನ್ನು ದೋಚುವುದೇ ವೃತ್ತಿಯಾಗಿದ್ದ ಈ ನಾವಿಕನು 1797ರಲ್ಲಿ ಕೆಟ್ಟ ಹಡಗಿನೊಡನೆ ಮಂಗಳೂರಿಗೆ ಬಂದು ಬಿದ್ದನು. ಶ್ರೀರಂಗಪಟ್ಟಣಕ್ಕೆ ಕರೆತರಲಾಗಿ, ತಾನು ಫ್ರೆಂಚ್ ಸರಕಾರದ ಪ್ರತಿನಿಧಿಯೆಂದೂ, ಟಿಪ್ಪುವಿನ ನೆರವಿಗೆ ದೊಡ್ಡ ಸೈನ್ಯವು ಆ ದ್ವೀಪದಲ್ಲಿ ಸಿದ್ಧವಾಗಿ ನಿಂತಿದೆಯೆಂದೂ ನಿರರ್ಗಳವಾಗಿ ನುಡಿದನು. ಇವನನ್ನು ನಂಬಲಾಗದೆಂದು ಮಂತ್ರಿಗಳು ಎಚ್ಚರಿಸಿದರು. ಆದರೆ ಅರ್ಧ ರಾಜ್ಯವನ್ನು ಕಳೆದುಕೊಂಡವನ ಕಿವಿಗೆ ಆ ಸುಳ್ಳು ಎಷ್ಟು ಇಂಪಾಗಿದ್ದಿರಬೇಕು! ವ್ಯಾಪಾರಿಗಳ ವೇಷದಲ್ಲಿ ಸುಲ್ತಾನನ ದೂತರು ಗುಟ್ಟಾಗಿ ಕಡಲು ದಾಟಿದರು.

ಅಲ್ಲಿ ಸೈನ್ಯವಿರಲಿಲ್ಲ. ಗುಟ್ಟಾಗಿ ಬಂದವರನ್ನು ಗವರ್ನರ್ ಮಾಲಾರ್ತಿಕನು ಬಹಿರಂಗ ಮರ್ಯಾದೆಯಿಂದ ಬರಮಾಡಿಕೊಂಡು, ಕೊಡಲು ಸಿಪಾಯಿಗಳಿಲ್ಲದ ಕೊರತೆಯನ್ನು ಕಾಗದದಲ್ಲಿ ತುಂಬಿಕೊಟ್ಟನು: ಇಂಗ್ಲಿಷರನ್ನು ಹೊರದೂಡಲು ಟಿಪ್ಪುವು ಸಹಾಯ ಬೇಡಿದ್ದಾನೆ, ಇಷ್ಟವುಳ್ಳವರು ಸೇರಬಹುದು ಎಂದು 1798ರ ಜನವರಿ 30ರಂದು ಘೋಷಣಾಪತ್ರವನ್ನೇ ಹೊರಡಿಸಿದನು. ಏಪ್ರಿಲಿನಲ್ಲಿ ಮಂಗಳೂರಿಗೆ ಬಂದಿಳಿದವರು ನೂರು ಮಂದಿಯೂ ಇರಲಿಲ್ಲ. ಆದರೆ ಆ ಪತ್ರವು ಕಲ್ಕತ್ತೆಯನ್ನು ಮುಟ್ಟಿ, ಹೊಸದಾಗಿ ಬಂದಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧದ ಕಾರಣವನ್ನು ಒದಗಿಸಿತು. ಮುಂದೆ ಈಜಿಪ್ಟಿನಲ್ಲಿ ಇಳಿದ ನೆಪೋಲಿಯನ್ನನು ಟಿಪ್ಪುವಿಗೆ ಬರೆದ ಪತ್ರವೂ ದಾರಿಯಲ್ಲೇ ಇಂಗ್ಲಿಷರ ಕೈಸೇರಿತು. ಒಂದು ದ್ವೀಪವು ಇನ್ನೊಂದಕ್ಕೆ ಕಳುಹಿಸಿದ್ದು ಒಂದು ಹಿಡಿ ಜನ, ಒಂದು ಹಾಳೆ ಕಾಗದ. ಜನರಿಂದ ಉಪಕಾರವಾಗಲಿಲ್ಲ, ಕಾಗದದಿಂದ ಅನಾಹುತವಾಯಿತು.

ರಿಪೋನ ಮಾತು ನಿಜವಾಗಿದ್ದರೆ? ಇತಿಹಾಸಪ್ರಿಯರಿಗೆ ಈ ಪ್ರಶ್ನೆ ಬಲು ರುಚಿ. ಸಾವಿರಾರು ಫ್ರೆಂಚ್ ಸಿಪಾಯಿಗಳು ಘಟ್ಟ ಹತ್ತಿ ಬಂದು ದ್ವೀಪವನ್ನು ಉಳಿಸುತ್ತಿದ್ದರೆನ್ನೋಣ; ಉಳಿಸಿ ಹಿಂದಿರುಗುತ್ತಿದ್ದರೇ? ಪ್ಯಾರಿಸ್ಸು 1794ರಲ್ಲಿಯೇ ಗುಲಾಮಗಿರಿಯನ್ನು ರದ್ದುಮಾಡಿದ್ದರೂ, ಆ ಆಜ್ಞೆಯನ್ನು ಜಾರಿಗೆ ತರಲು ಬಂದ ಅಧಿಕಾರಿಗಳನ್ನೇ 1796ರಲ್ಲಿ ಹಡಗು ಹತ್ತಿಸಿ ಓಡಿಸಿದವರು ಫ್ರಾನ್ಸ್ ದ್ವೀಪದ ತೋಟದ ಧಣಿಗಳು. ಅಂಥವರ ಮನೆಬಾಗಿಲಿನಿಂದ ಬರುವ ಸ್ವಾತಂತ್ರ್ಯವು ನಮ್ಮ ರೈತನ ಕಣದವರೆಗೆ ಹೇಗೆ ಬಂದೀತು? ಪುದುಚೇರಿಯಂತೆ ಪಟ್ಟಣದ ಬೀದಿಗಳಿಗೂ ಫ್ರೆಂಚ್ ಹೆಸರುಗಳು ಬೀಳುತ್ತಿದ್ದವೋ ಏನೋ.

ನನಗೆ ಪ್ರಿಯವಾದ ‘ಒಂದುವೇಳೆ’ ಬೇರೆಯದು. ಅದು ನಮ್ಮೂರಿನ ಮುಂದೆಯೇ ಹರಿಯುತ್ತದೆ. 1791ರ ಹೊಳೆಯನ್ನು ಇಂಗ್ಲಿಷರು ಮರೆತಿರಲಿಲ್ಲ. ಮುಂಗಾರಿಗೆ ಮೊದಲೇ ಕೆಲಸ ಮುಗಿಯಬೇಕೆಂದು ಎಣಿಸಿ ಹೊರಟ ಜನರಲ್ ಹ್ಯಾರಿಸನ ಸೈನ್ಯವು 1799ರ ಮೇ 4ರ ನಡುಹಗಲಿನಲ್ಲಿ, ಹಿಂದೆ ಇದೇ ಪಟ್ಟಣದಲ್ಲಿ ಸೆರೆಯಲ್ಲಿದ್ದ ಬೇರ್ಡನ ಮುಂದಾಳುತನದಲ್ಲಿ, ಬಂಡೆಗಳ ನಡುವೆ ಸೊರಗಿದ್ದ ಕಾವೇರಿಯನ್ನು ಕೆಲವೇ ನಿಮಿಷಗಳಲ್ಲಿ ಕಾಲ್ನಡಿಗೆಯಿಂದ ದಾಟಿತು. ಮರುದಿನ ಸಂಜೆ, ಟಿಪ್ಪುವಿನ ದೇಹವನ್ನು ಮಣ್ಣಿಗೆ ಕೊಡುವಾಗ, ಭಯಂಕರವಾದ ಗುಡುಗುಮಳೆ ಸುರಿಯಿತು. ಆದರೆ ಅದು ಭರಣಿಯ ಮಳೆ. ಅಬ್ಬರ ಹೆಚ್ಚು, ಹೊಳೆ ಏರಿಸುವ ಶಕ್ತಿ ಕಡಿಮೆ. ಪಟ್ಟಣಕ್ಕೆ ಬೇಕಾಗಿದ್ದುದು ಕೊಡಗಿನ ಮಳೆ, ನಮ್ಮ ಮೆಟ್ಟಿಲುಗಳನ್ನು ಮುಳುಗಿಸಿ ಸಾಗುವ ಕೆನ್ನೀರು. ಅದರ ಕಾಲ ಇನ್ನೂ ಬಂದಿರಲಿಲ್ಲ.

ಕಾರ್ನ್‌ವಾಲಿಸನು ಬೀಡುಬಿಟ್ಟಿದ್ದ ಹಳೆಯ ಕಣ್ಣಂಬಾಡಿಯು ಕೃಷ್ಣರಾಜಸಾಗರದಲ್ಲಿ ಮುಳುಗಿಹೋಯಿತು. ಹೊಳೆಯನ್ನು ಏರಿಸುವ ಇಳಿಸುವ ಅಧಿಕಾರವು ನಕ್ಷತ್ರಗಳಿಂದ ಕಟ್ಟೆಯ ಬಾಗಿಲುಗಳಿಗೆ ಹೋಯಿತು. ಕಳೆದ ಮಳೆಗಾಲದಲ್ಲಿ ಊರಿಗೆ ಹೋಗಿದ್ದಾಗ ನೀರು ಕೆಂಪಾಗಿದ್ದಿತು. ಮೆಟ್ಟಿಲಿನಲ್ಲಿ ಪುರಿ ಮಾರುವ ಹುಡುಗನನ್ನು, “ಇನ್ನು ಪಟ್ಟಣದಲ್ಲಿ ಹೊಳೆ ಏರುತ್ತದೆ, ಅಲ್ಲವೇನಪ್ಪ?” ಎಂದು ಕೇಳಿದೆನು. ಅವನು ನೀರಿನತ್ತ ತಿರುಗಿಯೂ ನೋಡದೆ ಮೊಬೈಲನ್ನು ತೆಗೆದು, “ಗೇಟು ಎತ್ತಿದರೆ ತಾನೇ ಸಾರ್? ಡ್ಯಾಮು ಇನ್ನೂ ನೂರೆಂಟು ಅಡಿ” ಎಂದನು. ಅವನ ಲೆಕ್ಕವೇ ಸರಿಯಾಗಿತ್ತು. ಒಂದು ಹಿಡಿ ಪುರಿ ಕೊಂಡು ಮೀನುಗಳಿಗೆ ಎರಚಿ ಎದ್ದುಬಂದೆನು.